ಉಡಚಪ್ಪನ ಹೆಸರಿನ ಕೆಳಗಿನ ಕೆಂಪು ಅಕ್ಷರ

ಆ ಭಾನುವಾರ ಮಧ್ಯಾಹ್ನ ಉಡಚಪ್ಪ ಉಂಡು ಎದ್ದ. ಕೈ ತೊಳೆದ, ಒರೆಸಿಕೊಳ್ಳಲಿಲ್ಲ. ಹಸಿಗೈಯಲ್ಲೇ ಮೊಬೈಲು ಹಿಡಿದು ಹೊರಸಿನ ಮೇಲೆ ಕುಳಿತ. ಸತ್ಯವ್ವ ತಾಟು ಎತ್ತುತ್ತ ಬೈದಳು.

"ಕೈಯರ ಒರಸ್ಕೋರಿ. ನಿಮ್ಮ ಕ್ವಾಟಿ ಎಲ್ಲೂ ಓಡಿ ಹೋಗಂಗಿಲ್ಲ."

"ಕ್ವಾಟಿ ಓಡಂಗಿಲ್ಲ ಸತ್ಯಾ. ಬಾಗಲಾ ಖಾಲಿ ಬಿಟ್ರ ವೈರಿ ಒಳಗ ಓಡಿ ಬರ್ತಾನ."

"ಬರ್ಲಿ ಬಿಡ್ರಿ. ಬಂದವ್ಗ ಎರಡ ರೊಟ್ಟಿ ಹಾಕ್ತೀನಿ."

ಉಡಚಪ್ಪ ಗಬ್ಬೂರ ಬೈಪಾಸಿನಿಂದ ಮಾರ್ಕೆಟ್ಟಿಗೆ ಟೆಂಪೊ ಹೊಡೆಯುತ್ತಿದ್ದ. ವಾರವೆಲ್ಲ ಉಳ್ಳಾಗಡ್ಡಿ, ಆಲೂಗಡ್ಡೆ, ಹಸಿ ಮೆಣಸಿನಕಾಯಿ. ಸತ್ಯವ್ವ ಬೈಪಾಸಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳಿಲ್ಲ. ಅದಕ್ಕಾಗಿ ಅತ್ತದ್ದು, ಹರಕೆ ಹೊತ್ತದ್ದು ಎಲ್ಲ ಎಂದೋ ಮುಗಿದಿತ್ತು. ಈಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದರು.

ಅವನಿಗಿದ್ದ ಚಟ ಒಂದೇ, ಮೊಬೈಲಿನ ಕೋಟೆ ಕಾಳಗ. ನಾಲ್ಕು ಜನರ ತಂಡ. ಮೂವರು ಹೊರಗೆ ಹೋಗಿ ಹೊಡೆದಾಡುತ್ತಾರೆ, ಒಬ್ಬ ಕೋಟೆಯ ಬಾಗಿಲು ಕಾಯುತ್ತಾನೆ. ಬಾಗಿಲು ಕಾಯುವ ಕೆಲಸ ಯಾರಿಗೂ ಬೇಡ. ಅದರಲ್ಲಿ ಹೊಡೆತವೇ ಹೆಚ್ಚು, ಹೆಸರು ಕಡಿಮೆ. ಉಡಚಪ್ಪ ಅದನ್ನೇ ಕೇಳಿ ತೆಗೆದುಕೊಂಡಿದ್ದ. ಉಳಿದವರು ಗರುಡ, ರಾಜಾಹುಲಿ, ಬೆಂಕಿ ಎಂದೆಲ್ಲ ಹೆಸರಿಟ್ಟುಕೊಂಡಿದ್ದರೆ ಇವನು ತನ್ನದನ್ನೇ ಇಟ್ಟಿದ್ದ. ಉಡಚಪ್ಪ ಗಬ್ಬೂರ.

"ಅಪ್ಪ ಇಟ್ಟ ಹೆಸರಿಗೇನ ಜಂಗ ಹಿಡದೈತೇನ?" ಎನ್ನುತ್ತಿದ್ದ.

ಮೊಬೈಲಿನಿಂದ ಒಬ್ಬ ಹುಡುಗನ ದನಿ ಬಂತು. "ಕಾಕಾ, ಎಡಕ್ಕ ನೋಡ್ರಿ, ಎಡಕ್ಕ!" ಅದು ಅರಫಾತನ ದನಿ. ಹಳೇ ಹುಬ್ಬಳ್ಳಿಯವನು, ಗಾದಿ ಹೊಲಿಯುತ್ತಾನೆ. ಉಡಚಪ್ಪ ಅವನ ಮುಖ ನೋಡಿರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಎರಡು ವರ್ಷದಿಂದ ದನಿಯ ಮೇಲೆಯೇ ಅವರ ಗೆಳೆತನ ನಡೆದಿತ್ತು. ಸತ್ಯವ್ವನಿಗೂ ಆ ದನಿ ರೂಢಿಯಾಗಿತ್ತು. ಅದು ಕೇಳಿಸಿತೆಂದರೆ ಮಧ್ಯಾಹ್ನವಾಯಿತು ಎಂದೇ ಲೆಕ್ಕ.

ಅಂದು ಎದುರಿನ ತಂಡದ ಒಬ್ಬ ಸೋತ ಸಿಟ್ಟಿಗೆ ಅರಫಾತನ ತಾಯಿಯ ಹೆಸರು ಎತ್ತಿ ಬೈದ. ಉಡಚಪ್ಪನ ಮುಖ ಗಂಟಾಯಿತು. ಆಟ ಮುಗಿದದ್ದೇ ಬೈದವನ ಹೆಸರಿನ ಮೇಲೆ ಬೆರಳಿಟ್ಟು ಏನೋ ಒತ್ತಿದ.

"ಏನ ಮಾಡಿದ್ರಿ?"

"ಕಂಪ್ಲೇಂಟ್ ಕೊಟ್ಟೆ. ಬೈಗಳಾ ಬೈದಾನಂತ."

"ಯಾರ ಕೇಳ್ತಾರ ಅದನ್ನ?"

"ಕೇಳ್ತಾರ. 'ನಿಮ್ಮ ದೂರು ಮುಟ್ಟೇತಿ, ಕ್ರಮಾ ತಗೊಂಡೇವಿ' ಅಂತ ಉತ್ತರಾನೂ ಕಳಸ್ತಾರ."

"ಬೈದವನ್ನ ಕರದು ಕೇಳ್ತಾರೇನ?"

"ಅವನ್ನೇನ ಕೇಳೂದು? ಬೈದಾನಲ್ಲ!"

"ಒಬ್ಬರ ಮಾತ ಕೇಳಿ ಶಿಕ್ಷಾ ಕೊಟ್ರ ಅದೇನ ನ್ಯಾಯ?" ಎಂದಳು ಸತ್ಯವ್ವ. ಹಾಗೆ ಅಂದದ್ದು ನ್ಯಾಯಕ್ಕಲ್ಲ, ವಾದಕ್ಕೆ. ಉಡಚಪ್ಪ ನಕ್ಕು, ಚಹಾ ಕೇಳಿದ. ಸಕ್ಕರೆ ಇಲ್ಲ ಅಂದಳು. ಬೆಲ್ಲ ಹಾಕು ಅಂದ. ಬೆಲ್ಲ ಹಾಕಿದಳು, ಹಾಲು ಒಡೆಯಿತು. ಇಬ್ಬರೂ ಒಡೆದ ಚಹಾವನ್ನೇ ಕುಡಿದರು.

ಮರುದಿನ ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಚೀಲ ಇಳಿಸುವಾಗ ಉಡಚಪ್ಪ ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಅಂಗಿ, ಟವೆಲು, ಮೊಬೈಲು ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದುಕೊಟ್ಟರು.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಸತ್ತವರ ಫೋಟೊ ಮುಂದೆ ಅವರಿಗೆ ಬೇಕಾದದ್ದನ್ನು ಇಡಬೇಕು. ಬೇಕಾದದ್ದು ಅಂದರೆ ಬೇಕಾದದ್ದೇ. ಸತ್ಯವ್ವನ ಮಾವ ಸತ್ತಾಗ ಚುಟ್ಟಾ ಹಚ್ಚಿ ಇಟ್ಟಿದ್ದರು. ತಿಂಗಳ ತನಕ ದಿನಾ ಮಧ್ಯಾಹ್ನ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂಡಬೇಕು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು.

ಸತ್ಯವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಎಲೆ ಅಡಿಕೆ ಇಟ್ಟಳು. ಇಷ್ಟೇ ಆದರೆ ಅವನ ಕೈ ಖಾಲಿಯೇ ಉಳಿಯಿತಲ್ಲ ಅನ್ನಿಸಿತು. ಮೊಬೈಲು ತಂದು ಆಟ ತೆರೆದು ಫೋಟೊಕ್ಕೆ ಆನಿಸಿದಳು. ಪರದೆ ಆರಿಹೋಗುತ್ತಿತ್ತು. ಅವನು ದಿನಾ ಒತ್ತುತ್ತಿದ್ದ ಹಳದಿ ಗುಂಡಿ ಅವಳಿಗೆ ಗೊತ್ತಿತ್ತು. ಅದನ್ನು ಒತ್ತಿದಳು. ಆಗ ಆರಲಿಲ್ಲ. ಎಡೆಯ ಮುಂದೆ ಗದ್ದಲ ಬೇಡವೆಂದು ದನಿ ಪೂರ್ತಿ ಇಳಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕುಳಿತಳು.

ತಿಂಗಳ ತನಕ ಹೀಗೆ ನಡೆಯಿತು.

ಹಳದಿ ಗುಂಡಿ ಒತ್ತಿದರೆ ಅವನು ಕಾಳಗಕ್ಕೆ ಬಂದಂತೆ ಅಂತ ಅವಳಿಗೆ ತಿಳಿದಿರಲಿಲ್ಲ. ಒಳಗೆ, ಮುಚ್ಚಿದ ಬಾಗಿಲ ಹಿಂದೆ, ಉಡಚಪ್ಪನ ಬೊಂಬೆ ಕೋಟೆಯ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿತ್ತು. ವೈರಿಗಳು ಅದನ್ನು ದಾಟಿ ಒಳಗೆ ಹೋಗುತ್ತಿದ್ದರು. ಅರಫಾತ "ಕಾಕಾ, ಕಾಕಾ" ಎಂದು ಕೂಗುತ್ತಿದ್ದದ್ದು ಯಾರಿಗೂ ಕೇಳುತ್ತಿರಲಿಲ್ಲ. ಒಂದೆರಡು ಸಲ ಪರದೆಯ ಮೇಲೆ ಎಚ್ಚರಿಕೆ ಮೂಡಿತ್ತು. ಸತ್ಯವ್ವ ಅದನ್ನು ಯಾವುದೋ ಜಾಹೀರಾತು ಎಂದು ಸರಿಸಿಬಿಟ್ಟಿದ್ದಳು.

ತಿಂಗಳ ಎಡೆಯ ದಿನ ಆಟ ತೆರೆಯಲಿಲ್ಲ. ಉಡಚಪ್ಪನ ಹೆಸರು ಬಂತು. ಅದರ ಕೆಳಗೆ ಕೆಂಪು ಅಕ್ಷರ.

ಸತ್ಯವ್ವ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತಿದ್ದಳು. ಕೂಡಿಸಿದಳು. ತಂಡ. ದ್ರೋಹಿ.

ತಪ್ಪು ಓದಿದೆನೆಂದು ಮತ್ತೆ ಕೂಡಿಸಿದಳು. ಅದೇ ಬಂತು.

ಎಡೆಗೆ ಬಂದಿದ್ದ ಮೈದುನ ಅಂಬರೀಷನ ಕೈಗೆ ಮೊಬೈಲು ಕೊಟ್ಟಳು. ಅವನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಓದಿ ಹೇಳಿದ. ಉಡಚಪ್ಪ ಗಬ್ಬೂರ ಬೇಕೆಂದೇ ಬಾಗಿಲು ಬಿಟ್ಟುಕೊಟ್ಟು ತಂಡವನ್ನು ಸೋಲಿಸಿದ್ದಾನೆ. ಅವನದೇ ತಂಡದವರು ದೂರು ಕೊಟ್ಟಿದ್ದಾರೆ. ಇನ್ನು ಅವನು ಆಡುವಂತಿಲ್ಲ. ಈ ಮಾತು ಅವನ ಹೆಸರಿನ ಕೆಳಗೆ ಎಲ್ಲರಿಗೂ ಕಾಣುತ್ತದೆ.

"ಎಲ್ಲಾರಿಗೂ ಅಂದ್ರ?"

"ಆಡೋರಿಗೆಲ್ಲಾ. ಲಕ್ಷಗಟ್ಟಲೆ ಮಂದಿ ಅದಾರಂತ."

"ಅವನ ಖರೇ ಹೆಸರ ಐತಿ ಅದರಾಗ."

"ಆಟ ವೈನಿ ಅದು. ಬಿಡ್ರಿ. ಅಣ್ಣಾ ಏನ ಎದ್ದ ಬಂದ ನೋಡ್ತಾನೇನ?"

"ನಾ ನೋಡಾಕತ್ತೇನಲ್ಲ," ಎಂದಳು ಸತ್ಯವ್ವ.

ಮರುದಿನ ಖಾನಾವಳಿಗೆ ಹೋಗಲಿಲ್ಲ. ಹಳೇ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಗಾದಿ ಅಂಗಡಿಯಿಂದ ಗಾದಿ ಅಂಗಡಿಗೆ ನಡೆದಳು. ಮುಖ ಗೊತ್ತಿಲ್ಲ, ಆದ್ದರಿಂದ ಯಾರನ್ನೂ ಕೇಳಲಿಲ್ಲ. ಪ್ರತಿ ಅಂಗಡಿಯ ಮುಂದೆ ನಿಂತು ಒಳಗಿನವರ ಮಾತು ಕೇಳಿದಳು. ಒಂದು ಕಡೆ ಗಿರಾಕಿಯೊಂದಿಗೆ ಯಾರೋ ಜಗಳ ತೆಗೆದಿದ್ದ. "ಹತ್ತಿ ತುಂಬಿದ್ರ ಗಾದಿ ದಪ್ಪಾಗ್ತೇತ್ರಿ ಅಣ್ಣಾರ, ಗಾಳಿ ತುಂಬಿದ್ರ ಬಲೂನ್ ಆಗ್ತೇತಿ."

ಅದೇ ದನಿ. ಮೈಮೇಲೆಲ್ಲ ಹತ್ತಿ ಅಂಟಿಸಿಕೊಂಡ ತೆಳ್ಳನೆಯ ಹುಡುಗ. ಗಿರಾಕಿ ಹೋಗುವ ತನಕ ನಿಂತಳು.

"ಅರಫಾತ ನೀನೇನ?"

"ಹೌದ್ರಿ. ಗಾದಿ ಬೇಕಾಗಿತ್ತೇನ್ರಿ?"

"ನಾ ಉಡಚಪ್ಪನ ಹೇಣ್ತಿ. ಗಬ್ಬೂರದಾಕಿ."

ಹುಡುಗನ ಮುಖ ಬಿಗಿಯಿತು. ಸೂಜಿಯನ್ನು ಗಾದಿಗೆ ಚುಚ್ಚಿ ಎದ್ದು ನಿಂತ.

"ಕಾಕಾ ಕಳಿಸ್ಯಾರೇನ? ಅವರಿಗೇ ಬರಾಕ ಹೇಳ್ರಿ. ಎರಡ ವರ್ಷ ಅವರ ಮ್ಯಾಲ ಭರೋಸಾ ಇಟ್ಟು ಆಡೇವಿ. ಕರದ್ರ ಓ ಅನ್ನಂಗಿಲ್ಲ, ವೈರಿಗೆ ದಾರಿ ಬಿಟ್ಟು ನಿಂತಾರ. ಎದುರಿನ ತಂಡಕ್ಕ ಮಾರ್ಕೊಂಡಾರ ಅಂತ ಎಲ್ಲಾರೂ ಅನ್ನಾಕತ್ತಾರ. ಮೊದಲ ನಾ ನಂಬಲಿಲ್ಲ. ದಿನಾ ಹಂಗ ಮಾಡಿದ್ರ ಏನ ಮಾಡೂನ್ರಿ? ಆಡಾಕ ಮನಸಿಲ್ಲಂದ್ರ ಬಾಯಿಬಿಟ್ಟು ಹೇಳಬೇಕ್ರಿ!"

"ಅವರು ಸತ್ತು ತಿಂಗಳಾತು."

ಅರಫಾತ ಕೇಳಿದ. "ಮತ್ತ ಬಾಗಲದಾಗ ನಿಂತಿದ್ದವರು ಯಾರು?"

"ಯಾರೂ ನಿಂತಿರ್ಲಿಲ್ಲ. ಎಡಿ ಇಟ್ಟಿದ್ದೆ. ಅವರಿಗೆ ಬೇಕಾದ್ದು ಅಂತ ಮೊಬೈಲ ಇಟ್ಟಿದ್ದೆ. ದನಿ ನಾನ ಬಂದ್ ಮಾಡಿದ್ದೆ."

ಹುಡುಗ ಹತ್ತಿಯ ರಾಶಿಯ ಮೇಲೆ ಕುಳಿತ. ಮುಖದ ಮೇಲಿನ ಹತ್ತಿಯನ್ನು ಒರೆಸಿಕೊಂಡ, ಆ ಕೈಯಿಂದ ಇನ್ನಷ್ಟು ಅಂಟಿತು. "ನಮ್ಮ ಮನ್ಯಾಗೂ ಇಡ್ತಾರ್ರಿ ಕಾಕಿ. ನಮ್ಮ ಅಜ್ಜನ ಹೆಸರ್ಲೆ ಶೀರಕುರ್ಮಾ ಇಡ್ತಾರ," ಎಂದ. ಕೈಗೆ ಅಂಟಿದ ಹತ್ತಿ ಬಿಡಿಸುತ್ತ, "ನಾನ ಮೊದಲ ಕೊಟ್ಟೆ ಕಂಪ್ಲೇಂಟ್. ನನ್ನ ನೋಡಿ ಉಳಿದಿಬ್ಬರೂ ಕೊಟ್ರು," ಎಂದ.

"ವಾಪಸ ತಗೋ."

ಅರಫಾತ ಮೊಬೈಲು ತೆಗೆದು ಹುಡುಕಿದ. ಮೇಲೆ, ಕೆಳಗೆ, ಒಳಗೆ ಎಲ್ಲ ಕಡೆ ಹುಡುಕಿದ. ದೂರು ಕೊಡಲು ಗುಂಡಿ ಇತ್ತು. ದೂರು ಹಿಂದೆಗೆದುಕೊಳ್ಳಲು ಇರಲಿಲ್ಲ. ಅವನಿಗೆ ಬಂದಿದ್ದ ಉತ್ತರ ಮಾತ್ರ ಇತ್ತು. ಸತ್ಯವ್ವ ಅದನ್ನು ಓದಿಸಿದಳು. 'ಧನ್ಯವಾದಗಳು! ನೀವು ದೂರು ನೀಡಿದ ಆಟಗಾರನಿಗೆ ಶಿಕ್ಷೆಯಾಗಿದೆ. ನಿಮ್ಮಂಥವರಿಂದ ಆಟ ಸ್ವಚ್ಛವಾಗುತ್ತಿದೆ.'

"ಏನ ಸ್ವಚ್ಛಾತು?" ಎಂದಳು ಸತ್ಯವ್ವ. "ಯಾವ ಹೊಲಸ ಇತ್ತು ಅಲ್ಲಿ?"

ಹುಡುಗ ತೋಳಿನಿಂದ ಕಣ್ಣು ಒರೆಸಿಕೊಂಡ.

"ಅಳಬ್ಯಾಡ. ನಿನ್ನ ಬಡ್ಯಾಕ ಬಂದಿಲ್ಲ. ಆ ಮಾತ ಅಳಿಸಾಕ ಬಂದೇನಿ. ದಾರಿ ಹೇಳು."

ದಾರಿ ಉಡಚಪ್ಪನ ಮೊಬೈಲಿನಲ್ಲೇ ಇತ್ತು. ಕೆಂಪು ಅಕ್ಷರದ ಕೆಳಗೆ ಸಣ್ಣಗೆ, ಮರುಪರಿಶೀಲನೆ ಕೋರಲು ಅಂತ. ಒತ್ತಿದರೆ ಮೂರು ಮಾತು ಬಂದವು. 'ನಾನು ತಪ್ಪು ಮಾಡಿದ್ದೇನೆ, ಇನ್ನು ಮಾಡುವುದಿಲ್ಲ' ಎಂಬುದು ಮೊದಲನೆಯದು. ಅದನ್ನು ಒತ್ತಿದರೆ ವಾರದಲ್ಲಿ ಕೆಂಪು ಅಕ್ಷರ ಹೋಗುತ್ತದೆ. 'ನನ್ನ ಖಾತೆಯನ್ನು ಬೇರೆಯವರು ಬಳಸಿದ್ದಾರೆ' ಎಂದರೆ ಖಾತೆಯೇ ಅಳಿಸಿಹೋಗುತ್ತದೆ, ಹೆಸರೂ ಉಳಿಯುವುದಿಲ್ಲ. ಕೊನೆಯದು 'ನಿರ್ಧಾರವನ್ನು ಒಪ್ಪುವುದಿಲ್ಲ'. ಅದರ ಕೆಳಗೆ ಒಂದೆರಡು ಸಾಲು ಬರೆಯಲು ಜಾಗ.

"ಕಡೀದು ಒತ್ತು. ನಾ ಹೇಳ್ತೀನಿ, ಬರಿ."

ಅರಫಾತ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ. 'ಈ ಮನುಷ್ಯಾ ಸತ್ತಾನ. ಸತ್ತ ಮ್ಯಾಲ ಬಾಗಲಾ ಬಿಟ್ಟಾನ. ಇರೂತನಕ ಬಿಟ್ಟಿಲ್ಲ. ಅವನ ಹೆಸರಿನ ಬುಡಕ ಬರದದ್ದು ಸುಳ್ಳ ಐತಿ, ತಗೀರಿ.'

ಕಳಿಸಿದ ಕೂಡಲೇ ಉತ್ತರ ಬಂತು. 'ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ. ನಿರ್ಧಾರ ಸರಿಯಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?'

"ಇಷ್ಟ ಲಗೂ ಯಾರ ಓದಿದ್ರು?" ಸತ್ಯವ್ವ ಕೇಳಿದಳು. "ಇಷ್ಟೊತ್ತಿನ್ಯಾಗ ಹಂಚಿನ ಮ್ಯಾಲಿನ ರೊಟ್ಟಿ ಮಗ್ಗಲಾ ಬದಲಸಂಗಿಲ್ಲ."

"ಮನಷ್ಯಾರ ಓದಂಗಿಲ್ರಿ ಕಾಕಿ. ಮಶೀನ ಓದ್ತೇತಿ."

"ಮಶೀನಿಗೆ ಗಂಡ ಸಾಯಂಗಿಲ್ಲ. ಮನಷ್ಯಾರ ಓದೂತನಕ ಕಳಸೂದು."

ಉತ್ತರದ ಕೆಳಗೆ ಮತ್ತೊಂದು ಪ್ರಶ್ನೆ ಇತ್ತು. ಈ ಉತ್ತರವನ್ನು ಒಪ್ಪುವಿರಾ? ಹೌದು, ಇಲ್ಲ. ಒಂದು ದಿನದೊಳಗೆ ಏನನ್ನೂ ಒತ್ತದಿದ್ದರೆ ಒಪ್ಪಿದಂತೆ, ಮತ್ತೆ ಕೇಳಲು ಬಾರದು. ಇಲ್ಲ ಅಂದರೆ ಮನವಿ ಮತ್ತೆ ಮೊದಲಿನಿಂದ ಶುರು. ಅರಫಾತ ಅದನ್ನು ಓದಿ ಹೇಳಿದ. ಸತ್ಯವ್ವ ತಾನೇ ಬೆರಳಿಟ್ಟು ಇಲ್ಲ ಒತ್ತಿದಳು.

ವಾರ ಕಳೆಯಿತು. ದಿನಾ ಕೆಲಸ ಮುಗಿಸಿ ಅರಫಾತನ ಅಂಗಡಿಗೆ ಹೋಗಿ ಬರೆಸಿದಳು. ಬರೆದ ಮಾತು ಬೇರೆ ಬೇರೆ, ಬಂದ ಉತ್ತರ ಒಂದೇ. ಅಂಬರೀಷ ಇನ್ನೊಂದು ಸಲ ಬಂದ. ಅವನಿಗೆ ಅತ್ತಿಗೆಯ ಚಿಂತೆ ಹತ್ತಿತ್ತು. ಓಣಿಯವರು, ಗಂಡ ಸತ್ತ ದುಃಖಕ್ಕೆ ಇವಳಿಗೆ ಮೊಬೈಲಿನ ಹುಚ್ಚು ಹಿಡಿದಿದೆ ಅನ್ನತೊಡಗಿದ್ದರು.

"ತಗೊಂಬರ್ರಿ ಇಲ್ಲೆ," ಎಂದು ಮೊಬೈಲು ಇಸಿದುಕೊಂಡ. ಎಲ್ಲ ಓದಿದ. "ವೈನಿ, ಮೊದಲನೇದು ಒತ್ತಿದ್ರ ಮುಗೀತಲ್ರಿ! ತಪ್ಪ ಮಾಡೇನಿ, ಇನ್ನ ಮಾಡಂಗಿಲ್ಲ ಅಂದ್ರ ವಾರದಾಗ ಎಲ್ಲಾ ಹೋಗ್ತೇತಿ. ನಮ್ಮ ಆಫೀಸನ್ಯಾಗ ದಿನಾ ಇದನ್ನ ಮಾಡ್ತೀವಿ. ಸಾಹೇಬ ಬೈದ್ರ ತಪ್ಪಾತ್ರಿ ಅಂದ್ಬಿಡೂದು. ಫೈಲ್ ಮುಗೀತು."

"ತಪ್ಪ ಯಾರ ಮಾಡ್ಯಾರ?"

"ಯಾರೂ ಮಾಡಿಲ್ಲ. ಸುಮ್ನ ಅನ್ನೂದು."

"ಯಾರ ಹೆಸರ್ಲೆ ಅನ್ನೂದು?"

ಅಂಬರೀಷನ ಹೆಬ್ಬೆರಳು ಪರದೆಯ ಹತ್ತಿರ ಹೋಗಿತ್ತು. ಸತ್ಯವ್ವ ಅವನ ಮುಂಗೈ ಹಿಡಿದಳು. ರೊಟ್ಟಿ ಬಡಿದ ಕೈ. ಅಂಬರೀಷನಿಗೆ ನೋವಾಯಿತು.

"ನಿಮ್ಮಪ್ಪ ಗೌಡರ ಕಟ್ಟಿ ಮ್ಯಾಲ ಕುಂತಿದ್ದಕ್ಕ ಊರಮಂದಿ ಮುಂದ ತಪ್ಪಾತು ಅಂದ. ನಮ್ಮವ್ವ ಬಾವ್ಯಾಗ ಕೊಡಾ ಇಳಿಬಿಟ್ಟಿದ್ದಕ್ಕ ತಪ್ಪಾತು ಅಂದ್ಲು. ಮಾಡಲಾರದ್ದಕ್ಕೆಲ್ಲಾ ತಪ್ಪಾತು ಅಂದು ಅಂದು ನಮ್ಮ ಮಂದಿ ನಾಲಿಗಿ ಸವದೈತಿ. ನಿಮ್ಮಣ್ಣ ಒಂದಿನಾನೂ ಅಂದಿಲ್ಲ. ಮಾರ್ಕೆಟ್ಟಿನ್ಯಾಗ ಬಡದ್ರೂ ಅಂದಿಲ್ಲ. ಈಗ ಸತ್ತಾನ, ಬಾಯಿಲ್ಲ ಅಂತ ನೀ ಅವನ ಬಾಯಾಗ ಆ ಮಾತ ತುರಕ್ತಿಯೇನ?"

ಅಂಬರೀಷ ಮೊಬೈಲು ಕೆಳಗಿಟ್ಟ. ಮುಂಗೈ ಉಜ್ಜಿಕೊಂಡ. ಹೋಗುವಾಗ, "ನಾಳೆ ಏನ ಬರಿಸ್ತೀರಿ ಹೇಳ್ರಿ, ನಾ ಶುದ್ಧ ಮಾಡಿ ಬರಕೊಡ್ತೀನಿ," ಎಂದ.

"ಶುದ್ಧ ಬ್ಯಾಡ. ಹೇಳಿದಂಗ ಬರಿ."

ಅದಾದ ಮೇಲೆ ಒಂದು ಮಧ್ಯಾಹ್ನ ಅರಫಾತ ಗಬ್ಬೂರಿಗೆ ಬಂದ. ಸೈಕಲ್ಲಿನ ಹಿಂದೆ ಸತ್ಯವ್ವನಿಗೆಂದು ಹೊಸ ಗಾದಿ ಕಟ್ಟಿಕೊಂಡು ಬಂದಿದ್ದ. ಮುಖದ ತುಂಬ ನಗು.

"ಕಾಕಿ, ನಂಗೂ ಶಿಕ್ಷಾ ಆತ್ರಿ!"

"ಯಾಕ? ಏನ ಮಾಡಿದಿ?"

"ದೂರು ವಾಪಸ ತಗೊಳ್ಳಾಕ ಬರಂಗಿಲ್ಲ, ಹೊಸಾ ದೂರು ಕೊಡಾಕ ಬರ್ತೇತಲ್ರಿ. ಅದಕ್ಕ ನನ್ನ ಮ್ಯಾಲ ಕೊಡಿಸಿದೆ. ಬೆಂಕಿ ನನ್ನ ಮ್ಯಾಲ ಕೊಟ್ಟ, ನಾ ಬೆಂಕಿ ಮ್ಯಾಲ ಕೊಟ್ಟೆ, ಇಬ್ರೂ ಕೂಡಿ ಗರುಡನ ಮ್ಯಾಲ ಕೊಟ್ವಿ. ಉಡಚಪ್ಪ ಗಬ್ಬೂರ ಅವರ ಮ್ಯಾಲ ಸುಳ್ಳ ದೂರು ಕೊಟ್ಟಾರ ಅಂತ. ಮೂರೂ ಮಂದೀನ ಆಟದಿಂದ ಹೊರಗ ಹಾಕ್ಯಾರ. ನಮ್ಮ ಹೆಸರಿನ ಬುಡಕೂ ಕೆಂಪ ಬಂದೈತಿ ನೋಡ್ರಿ!"

ತೋರಿಸಿದ. ಅವನ ಹೆಸರು ರಾಜಾಹುಲಿ. ಕೆಳಗೆ, 'ಸುಳ್ಳು ದೂರು ನೀಡಿದವನು'. ಜೊತೆಗೆ ಒಂದು ಧನ್ಯವಾದ. ಆಟ ಸ್ವಚ್ಛವಾಗುತ್ತಿದೆ ಎಂದು.

ಸತ್ಯವ್ವನಿಗೆ ನಗು ಬಂತು. ಗಂಡ ಸತ್ತ ಮೇಲೆ ಮೊದಲ ಸಲ ನಕ್ಕಳು. ಸೆರಗು ಬಾಯಿಗೆ ಹಿಡಿದಳು, ನಿಲ್ಲಲಿಲ್ಲ. ನಗುತ್ತ ನಗುತ್ತ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಹಂಗಾರ ನಿಮ್ಮ ದೂರು ಸುಳ್ಳ ಅಂತ ಅವರ ಒಪ್ಪಿದಂಗಾತಲ್ಲ?"

"ಒಪ್ಪಿದಂಗಾತ್ರಿ."

"ದೂರು ಸುಳ್ಳಾದ್ರ ನಿಮ್ಮ ಕಾಕಾನ ಶಿಕ್ಷಾ ಹೆಂಗ ಖರೇ?"

"ಅದನ್ನ ಬರಿಯೂನ್ರಿ!"

ಬರೆದರು. ಉತ್ತರ ಬಂತು. ಪರಿಶೀಲಿಸಿದ್ದೇವೆ, ನಿರ್ಧಾರ ಸರಿಯಾಗಿದೆ, ನಕ್ಷತ್ರ ಕೊಡಿ. ಅರಫಾತನ ಮುಖ ಬಾಡಿತು. ಸತ್ಯವ್ವ ಬಡಿಸಿಟ್ಟ ತಾಟಿನ ಮುಂದೆ ಕೈ ಕಟ್ಟಿ ಕುಳಿತುಬಿಟ್ಟ.

"ಉಣ್ಣು," ಎಂದಳು ಸತ್ಯವ್ವ. "ಅವರು ಸುಸ್ತಾಗಬೇಕು. ನಾವ್ಯಾಕ ಆಗೂದು?"

"ಎಲ್ಲೀತನಕ ಬರಿಯೂದ್ರಿ ಕಾಕಿ?"

"ನನಗೇನ ಬ್ಯಾರೆ ಊರಿಗೆ ಹೋಗೂದೈತೇನ?"

ಮೂವರ ಶಿಕ್ಷೆಯ ಅವಧಿ ಮುಗಿದು ಅವರು ಆಟಕ್ಕೆ ಮರಳಿದ್ದಾರೆ. ಬಾಗಿಲಿಗೆ ಹೊಸಬರನ್ನು ತೆಗೆದುಕೊಂಡಿಲ್ಲ. ಮೂವರೇ ಆಡುತ್ತಾರೆ, ಬಹಳ ಸಲ ಸೋಲುತ್ತಾರೆ. ಎದುರಿನವರು ನಕ್ಕರೆ ಅರಫಾತ ಉಡಚಪ್ಪನ ಕತೆ ಹೇಳುತ್ತಾನೆ. ಕೇಳಿದವರಲ್ಲಿ ಕೆಲವರು ತಾವೂ ಆಟದವರಿಗೆ ಬರೆಯುತ್ತಾರೆ, ಕೆಲವರು ಬೈದು ಹೋಗುತ್ತಾರೆ. ಬೈದವರ ಮೇಲೆ ಅರಫಾತ ಈಗ ದೂರು ಕೊಡುವುದಿಲ್ಲ. ಯಾಕೆ ಬೈದಿ ಎಂದು ಕೇಳುತ್ತಾನೆ.

ಕೆಂಪು ಅಕ್ಷರ ಹೋಗಿಲ್ಲ.

ಸತ್ಯವ್ವ ಈಗ ಬರೆಯುವುದನ್ನೂ ಕಲಿತಿದ್ದಾಳೆ. ಒತ್ತಕ್ಷರ ತಪ್ಪುತ್ತವೆ. ತಪ್ಪಲಿ ಅನ್ನುತ್ತಾಳೆ. ಬೆಳಗ್ಗೆ ಅಂಗಳ ಕಸ ಹೊಡೆದು, ನೀರು ಕಾಸಲು ಒಲೆ ಹೊತ್ತಿಸುತ್ತಾಳೆ. ಬೆರಳು ಒಡೆದು ಬಿರುಕು ಬಿಟ್ಟಿರುವುದರಿಂದ ಪರದೆ ಅವಳ ಕೈಗೆ ಬೇಗ ಓಗೊಡುವುದಿಲ್ಲ. ಬಿಸಿನೀರಲ್ಲಿ ಕೈ ನೆನೆಸಿ, ಒರೆಸಿಕೊಂಡು, ಹೊಸ್ತಿಲ ಮೇಲೆ ಕುಳಿತು ಮೊಬೈಲು ತೆರೆಯುತ್ತಾಳೆ. ಹಿಂದಿನ ದಿನ ಬಂದ ಉತ್ತರವನ್ನು ಅಕ್ಷರ ಕೂಡಿಸಿ ಪೂರ್ತಿ ಓದುತ್ತಾಳೆ. ಒಪ್ಪುವಿರಾ ಎಂದು ಕೇಳಿದ ಕಡೆ, ಇಲ್ಲ ಒತ್ತುತ್ತಾಳೆ. ತನ್ನ ಎರಡು ಸಾಲು ಬರೆದು ಕಳಿಸಿ, ಸೆರಗು ಕಟ್ಟಿಕೊಂಡು ಖಾನಾವಳಿಗೆ ನಡೆಯುತ್ತಾಳೆ.